ಬಿಸಿನೀರಿನ ಮೂರ್ಛೆ ಮತ್ತು ಒಬ್ಬ ವೈದ್ಯರ ಹುಡುಕಾಟ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಮನೆಗೆ ಬಂದು, "ಮೇಷ್ಟ್ರೇ, ಎಲ್ಲರೂ ಸಹಕಾರ ತತ್ವದ ಬಗ್ಗೆನೇ ಮಾತಾಡ್ತಾರೆ, ನೀವು ಬೇರೆ ಏನಾದ್ರೂ ಹೇಳಿ, ಜನಕ್ಕೆ ಉಪಯೋಗ ಆಗೋ ಹಂಗಿರ್ಲಿ" ಅಂದರು. ನಾವು ಮಕ್ಕಳಿಗೆ ಪಾಠ ಹೇಳಿದವರು, ವೈದ್ಯರಲ್ಲ. ಆದರೂ ಇವತ್ತು ಒಂದು ರೋಗದ ಬಗ್ಗೆ ಮತ್ತು ಅದರ ಹಿಂದೆ ಬಿದ್ದು ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬ ವೈದ್ಯರ ಬಗ್ಗೆ ಹೇಳಬೇಕು ಅಂತ ಬಂದಿದ್ದೇವೆ. ಕಾರಣ ಇದೆ. ಆ ರೋಗ ನಮ್ಮ ಮನೆಯಲ್ಲೇ ಇತ್ತು. ಆ ಆಸ್ಪತ್ರೆ ನಮ್ಮ ಹೊಸೂರು ರಸ್ತೆಯಲ್ಲೇ ಇದೆ.

ಮೊದಲು ಮನೆಯ ವಿಷಯ. ಇದು ನಮ್ಮ ಅಣ್ಣನ ಮಗನ ಕಥೆ. ಅವನ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಇಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತದೆ. "ಗೊತ್ತಾದ್ರೆ ಆಗ್ಲಿ ಬಿಡಿ ಚಿಕ್ಕಪ್ಪಾ, ಈಗೇನು" ಅಂತ ಅವನೇ ಅಂದ.

ಸುಮಾರು 40 ವರ್ಷದ ಹಿಂದಿನ ಮಾತು. ಆಗ ಬೊಮ್ಮನಹಳ್ಳಿ ಅಂದರೆ ಊರೇ. ಹೊಲ, ತೋಟ, ಕೊಟ್ಟಿಗೆ, ಎಲ್ಲ ಇದ್ದವು. ಮನೆಗೊಂದು ಬಚ್ಚಲ ಒಲೆ, ಅದರ ಮೇಲೆ ತಾಮ್ರದ ಹಂಡೆ. ವಾರಕ್ಕೊಂದು ಸಲ ತಲೆಗೆ ಎರೆದುಕೊಳ್ಳುವುದು ಅಂದರೆ ಒಂದು ಸಣ್ಣ ಹಬ್ಬ. ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಹೊಗೆಯಾಡುವ ನೀರನ್ನು ಚೊಂಬು ಚೊಂಬಾಗಿ ನೆತ್ತಿ ಮೇಲೆ ಸುರಿದರೇನೇ ನಮ್ಮ ತಾಯಿಯವರಿಗೆ ಸಮಾಧಾನ. ಮೈ ಕೆಂಪಗಾಗಬೇಕು. ಇಲ್ಲದಿದ್ದರೆ ಅದು ಸ್ನಾನವೇ ಅಲ್ಲ.

ಹುಡುಗನಿಗೆ ಆಗ ಒಂಬತ್ತು ವರ್ಷ. ಒಂದು ಭಾನುವಾರ ಮೂರನೇ ಚೊಂಬೋ ನಾಲ್ಕನೇ ಚೊಂಬೋ ಹಾಕುವಷ್ಟರಲ್ಲಿ ಕಣ್ಣು ಒಂದೇ ಕಡೆ ನೆಟ್ಟಿತು. ಕೂಗಿದರೆ ಓ ಅನ್ನಲಿಲ್ಲ. ಬಾಯಿ ಏನೋ ಅಗಿಯುವ ಹಾಗೆ ಆಡುತ್ತಿತ್ತು. ಕೈ ನೀರನ್ನು ಬಳಿಯುತ್ತಿತ್ತು. ಒಂದೆರಡು ನಿಮಿಷ ಅಷ್ಟೇ, ಆಮೇಲೆ ಸರಿಹೋಯಿತು. "ನಂಗೇನಾಯ್ತು?" ಅಂತ ಅವನೇ ಕೇಳಿದ. ಮುಂದಿನ ಭಾನುವಾರ ಮತ್ತೆ ಹಾಗೇ ಆಯಿತು. ವಾರದ ಮಿಕ್ಕ ದಿನ ಏನೂ ಇಲ್ಲ. ಸ್ಕೂಲಿಗೆ ಹೋಗುತ್ತಾನೆ, ಲಗೋರಿ ಆಡುತ್ತಾನೆ, ಎಮ್ಮೆ ಮೇಲೆ ಕೂರುತ್ತಾನೆ. ತಲೆಗೆ ಬಿಸಿನೀರು ಬಿದ್ದಾಗ ಮಾತ್ರ ಈ ಅವಸ್ಥೆ.

ಇದನ್ನು ಕಂಡವರು ಏನೆಂದಾರು? ಗಾಳಿ ಸೋಕಿದೆ ಅಂದರು. ಬಚ್ಚಲಲ್ಲಿ ಯಾವುದೋ ಕಾಟ ಇದೆ ಅಂದರು. ಮಂತ್ರ ಹಾಕಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಬಚ್ಚಲಿನ ದಿಕ್ಕು ಬದಲಾಯಿಸಿ ಗೋಡೆ ಒಡೆದು ಕಟ್ಟಿದ್ದೂ ಆಯಿತು. ಒಬ್ಬ ಡಾಕ್ಟರ ಹತ್ತಿರವೂ ಹೋದೆವು. ಅವರು ಹೆಚ್ಚು ಕೇಳಲೇ ಇಲ್ಲ. "ನಿಶ್ಶಕ್ತಿ, ಬೆಳೀತಾ ಸರಿಹೋಗುತ್ತೆ" ಅಂತ ಟಾನಿಕ್ ಬರೆದು ಕಳಿಸಿದರು. ಹೀಗೆ ಎರಡು ವರ್ಷ ಕಳೆಯಿತು. ಎರಡನೇ ವರ್ಷದ ದೀಪಾವಳಿಗೆ, ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ, ಹುಡುಗ ಒಬ್ಬನೇ ಸ್ನಾನಕ್ಕೆ ಹೋಗಿ ಚಿಲಕ ಹಾಕಿಕೊಂಡ. ಒಳಗೆ ಬಿದ್ದ. ಬಲಗೈ ಒಲೆಯ ಬಾಯಿಗೆ ಹೋಗಿತ್ತು. ಬಾಗಿಲು ಮುರಿದು ತೆಗೆಯುವಷ್ಟರಲ್ಲಿ ಕೈ ಸುಟ್ಟಿತ್ತು. ಆ ಕಲೆ ಇವತ್ತಿಗೂ ಇದೆ.

ಆಮೇಲೆ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಪಕ್ಕದ ಮನೆಯವರು ಹೇಳಿದರು: "ಡೈರಿ ಹತ್ರಾನೇ ನಿಮ್ಹಾನ್ಸ್ ಐತಲ್ಲ ಮೇಷ್ಟ್ರೇ, ಅಲ್ಲಿಗೆ ಕರ್ಕೊಂಡೋಗಿ." ನಮ್ಮ ತಾಯಿಯವರು ಒಪ್ಪಲಿಲ್ಲ. ಆ ಕಾಲದಲ್ಲಿ ಅದಕ್ಕೆ ಹುಚ್ಚಾಸ್ಪತ್ರೆ ಅಂತಲೇ ಹೆಸರು. "ನನ್ ಮೊಮ್ಮಗನಿಗೇನ್ ಹುಚ್ಚಾ?" ಅಂತ ರಂಪ ಮಾಡಿದರು. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅದರ ಜೊತೆಗೆ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಒಂದುಗೂಡಿಸಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಮಾಡಿದ್ದರು. ಮಾನಸಿಕ ಆರೋಗ್ಯದ ಜೊತೆಗೆ ನರವಿಜ್ಞಾನವೂ ಅದರ ಹೆಸರಿನಲ್ಲೇ ಇದೆ ಅಂತ ನಾವು ಎಷ್ಟು ಬಿಡಿಸಿ ಹೇಳಿದರೂ ತಾಯಿಯವರು ಕೇಳಲಿಲ್ಲ. ಕೊನೆಗೆ ಸುಟ್ಟ ಕೈ ನೋಡಿ, "ನಾನೂ ಬರ್ತೀನಿ" ಅಂತ ಸೀರೆ ಬದಲಾಯಿಸಿಕೊಂಡು ಹೊರಟರು.

ಅಲ್ಲಿನ ಹೊರರೋಗಿ ವಿಭಾಗದಲ್ಲಿ ಒಬ್ಬ ಯುವ ಡಾಕ್ಟರು ನಮ್ಮನ್ನು ನೋಡಿದರು. ಅವರು ಕೇಳಿದ ಪ್ರಶ್ನೆಗಳು ಇನ್ನೂ ನೆನಪಿವೆ. ನೀರು ಮೈಗೆ ಬಿದ್ದಾಗ ಬರುತ್ತೋ ನೆತ್ತಿಗೆ ಬಿದ್ದಾಗಲೋ? ಎಷ್ಟನೇ ಚೊಂಬಿಗೆ? ನೀರು ಎಷ್ಟು ಬಿಸಿ? ವಾರಕ್ಕೆ ಎಷ್ಟು ಸಲ ತಲೆಸ್ನಾನ? ಸ್ನಾನ ಬಿಟ್ಟು ಬೇರೆ ಹೊತ್ತಲ್ಲಿ ಯಾವಾಗಲಾದರೂ ಬಂದಿದೆಯಾ? ಎರಡು ವರ್ಷದಲ್ಲಿ ಯಾರೂ ಕೇಳದ್ದನ್ನು ಅವರು ಹತ್ತು ನಿಮಿಷದಲ್ಲಿ ಕೇಳಿದರು. "ಇದಕ್ಕೆ ಬಿಸಿನೀರಿನ ಮೂರ್ಛೆ ಅಂತಾರೆ. ಇದು ನಿಮ್ಮೊಬ್ಬರ ಮನೇದಲ್ಲ, ನಮ್ಮಲ್ಲಿಗೆ ತುಂಬ ಜನ ಬರ್ತಾರೆ" ಅಂದರು. ಆ ಮಾತು ಕೇಳಿ ನಮ್ಮ ಅತ್ತಿಗೆಯವರು ಅಲ್ಲೇ ಕೂತು ಅತ್ತರು. ದೆವ್ವ ಅಲ್ಲ, ಒಂದು ಹೆಸರಿರುವ ಕಾಯಿಲೆ ಅಂತ ಗೊತ್ತಾಗುವುದೇ ಅರ್ಧ ಔಷಧಿ.

ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು. "ಮನೇಲಿ, ನೆಂಟರಲ್ಲಿ, ಇನ್ಯಾರಿಗಾದ್ರೂ ಹಿಂಗಾಗಿದ್ಯಾ?" ತಾಯಿಯವರು ಥಟ್ಟನೆ, "ಇಲ್ಲ ಸ್ವಾಮಿ, ನಮ್ ವಂಶದಲ್ಲೇ ಇಲ್ಲ" ಅಂದರು.

ಬಸ್ಸಿನಲ್ಲಿ ಬರುವಾಗ ಮಡಿವಾಳ ದಾಟಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟರು. ನಮ್ಮ ಸೋದರಮಾವ ಒಬ್ಬರು ಇಪ್ಪತ್ತರ ವಯಸ್ಸಿನಲ್ಲೇ ತೀರಿಹೋಗಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಹೋದರು ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೆವು. "ಜಾರಿ ಬಿದ್ದಿದ್ದಲ್ಲ ಕಣಪ್ಪ. ಅವನಿಗೂ ಹಿಂಗೇ ಬರ್ತಿತ್ತು. ನಂಗೂ ಹುಡುಗಿ ಆಗಿದ್ದಾಗ ನೀರು ಹುಯ್ಕೊಂಡ್ರೆ ತಲೆ ಒಂಥರಾ ಜುಮ್ ಅನ್ನೋದು, ಎಲ್ಲಿದ್ದೀನಿ ಅಂತ ತಿಳೀತಿರ್ಲಿಲ್ಲ." ಮತ್ತೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದೆವು. "ಹುಡುಗನ ವಿಷ್ಯ ಕೇಳಿದ್ರು, ಹೇಳ್ದೆ. ಮನೆತನದ ವಿಷ್ಯ ಯಾಕ್ ಹೇಳ್ಬೇಕು? ನಿನ್ ತಂಗಿಗೆ ಗಂಡು ನೋಡ್ತಾ ಇಲ್ವಾ?" ಅಂದರು.

ಈಗ ಆ ವೈದ್ಯರ ವಿಷಯಕ್ಕೆ ಬರೋಣ. ಅವರ ಹೆಸರು ಡಾ. ಪಿ. ಸತೀಶ್‌ಚಂದ್ರ. ನಿಮ್ಹಾನ್ಸ್‌ನಲ್ಲಿ ನರರೋಗ ಶಾಸ್ತ್ರದ ಪ್ರಾಧ್ಯಾಪಕರಾಗಿ ಬಹುಕಾಲ ಕೆಲಸ ಮಾಡಿ, 2010ರ ದಶಕದ ಮೊದಲ ಭಾಗದಲ್ಲಿ ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ನಮ್ಮ ಹುಡುಗನನ್ನು ನೋಡಿದ್ದು ಅವರೇ ಅಂತ ನಾವು ಹೇಳುತ್ತಿಲ್ಲ. ನಮ್ಮನ್ನು ನೋಡಿದ ಡಾಕ್ಟರ ಹೆಸರು ಕೇಳುವ ಬುದ್ಧಿಯೂ ನಮಗೆ ಆವತ್ತು ಇರಲಿಲ್ಲ. ಆದರೆ ಆ ಪ್ರಶ್ನೆಗಳು ಎಲ್ಲಿಂದ ಬಂದವು ಅಂತ ಆಮೇಲೆ ಓದಿ ತಿಳಿದುಕೊಂಡೆವು.

ಈ ರೋಗದ ಬಗ್ಗೆ ಮೊದಲು ಬರೆದದ್ದು ನ್ಯೂಜಿಲೆಂಡಿನಲ್ಲಿ, 1945ರಲ್ಲಿ. ಬೇರೆ ದೇಶಗಳಲ್ಲಿ ಅದು ಅಪರೂಪ. ಅಲ್ಲೊಂದು ಇಲ್ಲೊಂದು ಮಗು. ನಮ್ಮ ಬೆಂಗಳೂರಿನಲ್ಲಿ ಮಾತ್ರ ಡಾ. ಕೆ.ಎಸ್. ಮಣಿಯವರು 1972ರಲ್ಲಿ 60 ಜನರ ವಿವರ ಬರೆದರು. ಸ್ವಲ್ಪ ಕಾಲದಲ್ಲೇ ಅದು 108 ಆಯಿತು. ಹೊರದೇಶದವರಿಗೆ ಆಶ್ಚರ್ಯ, ಇಷ್ಟೊಂದು ಜನ ಒಂದೇ ಸೀಮೆಯಲ್ಲಿ ಹೇಗೆ ಅಂತ. ಮಣಿಯವರ ನಂತರ ಈ ದಾರಿ ಹಿಡಿದವರು ಸತೀಶ್‌ಚಂದ್ರ. ಅವರೂ ಅವರ ಜೊತೆಗಾರರೂ 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಇನ್ನೂರ ಎಪ್ಪತ್ತೊಂಬತ್ತು! ಒಬ್ಬೊಬ್ಬರನ್ನೂ ಕೂರಿಸಿಕೊಂಡು ಎಷ್ಟನೇ ಚೊಂಬು, ಎಷ್ಟು ಬಿಸಿ ಅಂತ ಕೇಳಿ ಬರೆದ ಲೆಕ್ಕ ಅದು. ನಮ್ಮ ಸಂಘದ ಲೆಕ್ಕಪತ್ರ ಬರೆಯುವವರಿಗೆ ಇದರ ಕಷ್ಟ ಗೊತ್ತು.

ಆ ಲೆಕ್ಕದಿಂದ ಕೆಲವು ಸಂಗತಿ ಹೊರಬಿದ್ದವು. ಹೆಚ್ಚಿನವರು ಗಂಡುಮಕ್ಕಳು, ಅದರಲ್ಲೂ ಹುಡುಗರು. ನಮ್ಮವರು ಸ್ನಾನಕ್ಕೆ ಬಳಸುವ ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೂ ಇರುತ್ತದೆ. ಅದನ್ನು ತಲೆಯ ಮೇಲೆ ಬೇಗ ಬೇಗ ಸುರಿಯುತ್ತೇವೆ. ಮೈಗೆ ಸುರಿದುಕೊಂಡರೆ ಬಹಳ ಜನಕ್ಕೆ ಏನೂ ಆಗುವುದಿಲ್ಲ, ನೆತ್ತಿಗೆ ಬಿದ್ದರೆ ಬರುತ್ತದೆ. ಬಹುಪಾಲು ಜನಕ್ಕೆ ನಮ್ಮ ಹುಡುಗನಿಗೆ ಬಂದಂತೆಯೇ, ಕಣ್ಣು ನೆಟ್ಟು ಪ್ರಜ್ಞೆ ಮಂಕಾಗುವ ಬಗೆ. ಕೆಲವರಿಗೆ ಕೈಕಾಲು ಸೆಟೆದು ಅದುರುವ ದೊಡ್ಡ ಫಿಟ್ಸ್. ಇನ್ನು ಕೆಲವರಿಗೆ ಆ ಹೊತ್ತಿನಲ್ಲಿ ಒಂಥರಾ ಹಿತವಾಗಿ, ಸಾಕು ಅನಿಸದೆ ಇನ್ನೂ ಇನ್ನೂ ಸುರಿದುಕೊಳ್ಳುತ್ತಾರಂತೆ. ಬಚ್ಚಲಿಂದ ಹೊರಗೇ ಬಾರದ ಮಕ್ಕಳನ್ನು ಸೋಮಾರಿ ಅಂತ ಬೈಯುವ ಮೊದಲು ಒಂದು ಸಲ ಇಣುಕಿ ನೋಡಬೇಕು.

ದಕ್ಷಿಣ ಭಾರತದ ಮೂರ್ಛೆ ರೋಗಿಗಳಲ್ಲಿ ನೂರಕ್ಕೆ ಸುಮಾರು ನಾಲ್ಕರಿಂದ ಏಳು ಜನಕ್ಕೆ ಇರುವುದು ಈ ಬಗೆ ಅಂತ ಅವರ ಲೆಕ್ಕ. ಎಲ್ಲರಿಗೂ ಇದು ಬಚ್ಚಲಲ್ಲೇ ನಿಲ್ಲುವುದಿಲ್ಲ. ಕಾಲುಭಾಗಕ್ಕಿಂತ ಹೆಚ್ಚು ಕಡಿಮೆ ಜನಕ್ಕೆ ಕೆಲವು ವರ್ಷದ ಮೇಲೆ ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಶುರುವಾಗುತ್ತದೆ. ಹಾಗಾಗಿಯೇ ಬೆಳೀತಾ ಸರಿಹೋಗುತ್ತೆ ಅಂತ ಬಿಡುವುದು ತಪ್ಪು.

ಇಲ್ಲಿಗೆ ನಿಲ್ಲಿಸಿದ್ದರೆ ಅವರು ಒಳ್ಳೆಯ ವೈದ್ಯರು ಅನಿಸಿಕೊಳ್ಳುತ್ತಿದ್ದರು, ಅಷ್ಟೇ ಸಾಕಿತ್ತು. ಅವರು ನಿಲ್ಲಿಸಲಿಲ್ಲ. ನಿಮ್ಹಾನ್ಸ್‌ನ ಡಾ. ಉಳ್ಳಾಲ್ ಮತ್ತು ಡಾ. ಎಸ್.ಕೆ. ಶಂಕರ್ ಅವರ ಜೊತೆ ಸೇರಿ ಇಲಿಗಳ ಮೇಲೆ ಬಿಸಿನೀರಿನ ಪ್ರಯೋಗ ಮಾಡಿದರು. 1996ರಲ್ಲಿ ಅದನ್ನು ಪ್ರಕಟಿಸಿದರು. ಬಿಸಿನೀರಿನಿಂದ ಇಲಿಗೂ ಫಿಟ್ಸ್ ಬರುತ್ತದೆ. ಮತ್ತೆ ಮತ್ತೆ ಮಾಡಿದರೆ ಸಲದಿಂದ ಸಲಕ್ಕೆ ಬೇಗ ಬರುತ್ತದೆ, ಹೆಚ್ಚು ಹೊತ್ತು ಇರುತ್ತದೆ. ಒಣಹುಲ್ಲಿಗೆ ಕಿಡಿ ತಾಗಿದ ಹಾಗೆ ಮೆದುಳು ಆ ಹಾದಿ ಕಲಿತುಬಿಡುತ್ತದೆ. ನಮ್ಮ ತಾಯಿಯವರು, "ವಾರಕ್ಕೊಂದ್ ಸಲ ಎರಡು ನಿಮಿಷ ತಾನೆ, ಬಂದ್ರೆ ಬರ್ಲಿ, ತಲೆಗೆ ಎರೀದೆ ಇರೋಕಾಗುತ್ತಾ" ಅನ್ನುತ್ತಿದ್ದರು. ಪ್ರತಿ ಭಾನುವಾರ ನಾವೇ ಹುಡುಗನ ಮೆದುಳಿಗೆ ಅಭ್ಯಾಸ ಮಾಡಿಸುತ್ತಿದ್ದೆವು ಅಂತ ಇದನ್ನು ಓದಿದಾಗ ಗೊತ್ತಾಯಿತು.

ಇನ್ನೊಂದು ಕೆಲಸವನ್ನೂ ಹೇಳಲೇಬೇಕು. ನಿಮ್ಹಾನ್ಸ್‌ನ ಡಾ. ಗೌರಿದೇವಿ, ಡಾ. ಗುರುರಾಜ್, ಡಾ. ಸತೀಶ್‌ಚಂದ್ರ, ಸುಬ್ಬಕೃಷ್ಣ ಇವರೆಲ್ಲ ಸೇರಿ ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆ ಮನೆಗೆ ಹೋಗಿ 1,02,557 ಜನರ ಸಮೀಕ್ಷೆ ಮಾಡಿಸಿದರು. ಅದರ ವಿವರ 2004ರಲ್ಲಿ ಪ್ರಕಟವಾಯಿತು. ಸಾವಿರ ಜನಕ್ಕೆ ಸುಮಾರು ಒಂಬತ್ತು ಜನಕ್ಕೆ ಮೂರ್ಛೆ ರೋಗ. ಪೇಟೆಯಲ್ಲಿ ಸಾವಿರಕ್ಕೆ ಆರರ ಹತ್ತಿರ, ಹಳ್ಳಿಯಲ್ಲಿ ಹನ್ನೆರಡರ ಹತ್ತಿರ. ಅಂದರೆ ಹಳ್ಳಿಯಲ್ಲಿ ಎರಡರಷ್ಟು. ಈ ಸಭೆಯಲ್ಲಿ ಐನೂರು ಜನ ಇದ್ದೀರಿ ಅಂತ ಇಟ್ಟುಕೊಳ್ಳಿ, ನಾಲ್ಕೈದು ಜನಕ್ಕಾದರೂ ಇರಬೇಕು. ಯಾರು ಅಂತ ನಾವು ಕೇಳುವುದಿಲ್ಲ. ಮಣಿಯವರು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮಾಡಿದ ಕೆಲಸವೂ ಇದೇ ಜಾತಿಯದು. ಹಳೆಯ, ಅಗ್ಗದ ಮಾತ್ರೆಗಳನ್ನೇ ತಪ್ಪದೆ ಕೊಟ್ಟರೆ ಹಳ್ಳಿಯ ರೋಗಿಗಳಲ್ಲಿ ಬಹಳಷ್ಟು ಜನಕ್ಕೆ ಫಿಟ್ಸ್ ಹತೋಟಿಗೆ ಬರುತ್ತದೆ ಅಂತ ಅವರು ತೋರಿಸಿದ್ದು 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಲಕ್ಷಗಟ್ಟಲೆ ಖರ್ಚಿನ ಮಾತೇ ಅಲ್ಲ ಅದು.

ಇನ್ನು ವಂಶದ ಪ್ರಶ್ನೆ. ನಮ್ಮ ತಾಯಿಯವರು ಮುಚ್ಚಿಟ್ಟ ಪ್ರಶ್ನೆ.

ಬಿಸಿನೀರಿನ ಮೂರ್ಛೆ ಇರುವವರಲ್ಲಿ ಒಂದು ಪಾಲು ಜನರ ಮನೆತನದಲ್ಲಿ ಇನ್ನೊಬ್ಬರಿಗೂ ಮೂರ್ಛೆ ಇರುತ್ತದೆ. ಬೇರೆ ಬೇರೆ ಅಧ್ಯಯನಗಳಲ್ಲಿ ಈ ಪಾಲು ಶೇಕಡಾ 7ರಿಂದ 22ರವರೆಗೆ ಬಂದಿದೆ. ಹೇಳಿದವರ ಲೆಕ್ಕ ಅದು. ಬಸ್ಸಿನಲ್ಲಿ ಬಾಯಿ ಬಿಟ್ಟವರು ಅದರಲ್ಲಿ ಸೇರಿಲ್ಲ. ಹೀಗೆ ಮೂರು ತಲೆಮಾರಿನಲ್ಲಿ ರೋಗ ಕಂಡ ಮನೆತನಗಳನ್ನು ಸತೀಶ್‌ಚಂದ್ರರೂ ಅವರ ಸಹೋದ್ಯೋಗಿ ಡಾ. ಸಂಜೀಬ್ ಸಿನ್ಹಾ ಅವರೂ ಗುರುತು ಮಾಡುತ್ತಾ ಬಂದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಂಶವಾಹಿಗಳ ವಿಜ್ಞಾನಿ ಪ್ರೊ. ಅನುರಂಜನ್ ಆನಂದ್ ಇದ್ದಾರೆ. ಆಸ್ಪತ್ರೆಯವರು ರೋಗಿಗಳನ್ನು ಬಲ್ಲವರು, ಜಕ್ಕೂರಿನವರು ರಕ್ತದಲ್ಲಿನ ಅಕ್ಷರ ಓದಬಲ್ಲವರು. ಇಬ್ಬರೂ ಕೂಡಿದರು. ಇದೂ ಒಂದು ಸಹಕಾರ ಸಂಘವೇ ಅನ್ನಿ.

ವಂಶವಾಹಿ ಅಂದರೇನು? ನಾವು ಮಕ್ಕಳಿಗೆ ಹೇಳುತ್ತಿದ್ದ ಹಾಗೆ ಹೇಳುತ್ತೇವೆ. ನಮ್ಮ ಮೈಯ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ, ಕ್ರೋಮೋಸೋಮ್ ಅಂತಾರಲ್ಲ ಅವು. ಒಂದೊಂದು ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಒಂದೊಂದು ವರ್ಣತಂತುವನ್ನೂ ಒಂದೊಂದು ಹೋಬಳಿ ಅಂತ ತಿಳಿಯಿರಿ. ಅದರೊಳಗೆ ಹಳ್ಳಿಗಳು, ಹಳ್ಳಿಯೊಳಗೆ ಸರ್ವೆ ನಂಬರುಗಳು. ಒಂದು ಸರ್ವೆ ನಂಬರು ಅಂದರೆ ಒಂದು ವಂಶವಾಹಿ. ಇಡೀ ತಾಲ್ಲೂಕಿನಲ್ಲಿ ಎಲ್ಲೋ ಒಂದು ಕಡೆ ಪಹಣಿಯಲ್ಲಿ ಒಂದು ಅಕ್ಷರ ತಪ್ಪಾಗಿದೆ. ಎಲ್ಲಿ ಅಂತ ಗೊತ್ತಿಲ್ಲ. ಹುಡುಕುವುದು ಹೇಗೆ? ಮೊದಲು ಹೋಬಳಿ, ಆಮೇಲೆ ಹಳ್ಳಿ, ಕೊನೆಗೆ ಸರ್ವೆ ನಂಬರು. ಒಂದೇ ಮನೆತನದಲ್ಲಿ ರೋಗ ಇದ್ದವರ ರಕ್ತ, ಇಲ್ಲದವರ ರಕ್ತ, ಎರಡನ್ನೂ ಹೋಲಿಸುತ್ತಾ ಹೋದರೆ, ರೋಗ ಇದ್ದವರೆಲ್ಲ ಹಂಚಿಕೊಂಡಿರುವ ತುಂಡು ಯಾವುದು ಅಂತ ಸಿಗುತ್ತದೆ. ಇದಕ್ಕೆ ದೊಡ್ಡ ಕುಟುಂಬ ಬೇಕು, ಎಲ್ಲರೂ ನಿಜ ಹೇಳಬೇಕು. ಒಬ್ಬ ಅಜ್ಜಿ "ನಮ್ ವಂಶದಲ್ಲೇ ಇಲ್ಲ" ಅಂದರೆ ಆ ಲೆಕ್ಕವೇ ತಪ್ಪುತ್ತದೆ.

2009ರಲ್ಲಿ ಎರಡು ಜಾಗ ಸಿಕ್ಕಿದವು. ಕೆಲವು ಮನೆತನಗಳಲ್ಲಿ ಅದು 10ನೇ ವರ್ಣತಂತುವಿನಲ್ಲಿ ಇತ್ತು, ಇನ್ನೊಂದು ಕಡೆ 4ನೇ ವರ್ಣತಂತುವಿನಲ್ಲಿ. ಅಂದರೆ ಬಚ್ಚಲಲ್ಲಿ ಕಾಣುವ ರೋಗ ಒಂದೇ ಥರ ಇದ್ದರೂ ಬೇರು ಬೇರೆ ಬೇರೆ. ಆಮೇಲೆ 2017ರಲ್ಲಿ 9ನೇ ವರ್ಣತಂತುವಿನ ಮೇಲಿರುವ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಕೆಲವು ರೋಗಿಗಳಲ್ಲಿ ಅಪರೂಪದ ವ್ಯತ್ಯಾಸ ಕಂಡರು. ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ರಸ ಬಿಡುತ್ತದೆ. ಸುದ್ದಿ ಮುಟ್ಟಿದ ಮೇಲೆ ಆ ರಸವನ್ನು ಎತ್ತಿ ತೆಗೆಯಬೇಕು. ತೆಗೆಯದಿದ್ದರೆ ಸುದ್ದಿ ನಿಲ್ಲದೆ ಕೂಗುತ್ತಲೇ ಇರುತ್ತದೆ. ಹಾಗೆ ಎತ್ತುವ ಕೆಲಸದ ಒಂದು ಪ್ರೋಟೀನನ್ನು ಮಾಡಿಸುವುದು ಈ ವಂಶವಾಹಿ. ಎಲ್ಲ ರೋಗಿಗಳಿಗೂ ಇದೇ ಕಾರಣ ಅಂತಲ್ಲ. ಕೆಲವು ಮನೆತನಗಳ ಮಟ್ಟಿಗೆ ಅಷ್ಟು ತಿಳಿಯಿತು. ಹಂಡೆ ನೀರಿನಿಂದ ಶುರುವಾಗಿ ಗ್ಲುಟಮೇಟ್‌ವರೆಗೆ ಬರಲು ಮಣಿಯವರ ಕಾಲದಿಂದ ಲೆಕ್ಕ ಹಾಕಿದರೆ 45 ವರ್ಷ ಹಿಡಿಯಿತು ನೋಡಿ.

ರೋಗಿಯನ್ನೂ ನೋಡಿ, ಪ್ರಯೋಗಶಾಲೆಯಲ್ಲೂ ಕೂತು ಕೆಲಸ ಮಾಡುವ ವೈದ್ಯರ ಪರಂಪರೆ ದೊಡ್ಡದು. ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ, ಮಗುವಿನ ಬಟ್ಟೆ ಕಪ್ಪಾಗಿಸುವ ಮೂತ್ರದ ರೋಗವೊಂದನ್ನು ಹಿಡಿದು, ಇದು ವಂಶದಿಂದ ಬರುವುದು, ಇಂಥ ಮಕ್ಕಳ ತಂದೆತಾಯಿ ಬಹಳ ಸಲ ಒಡಹುಟ್ಟಿದವರ ಮಕ್ಕಳೇ ಆಗಿರುತ್ತಾರೆ ಅಂತ ಗುರುತಿಸಿದರು. ಅಮೆರಿಕದ ವಿಕ್ಟರ್ ಮೆಕ್ಯೂಸಿಕ್ ಹೃದಯದ ವೈದ್ಯರಾಗಿದ್ದವರು, ವಂಶದ ರೋಗಗಳ ಕಡೆ ತಿರುಗಿ 1966ರಲ್ಲಿ ಅವುಗಳ ಒಂದು ದೊಡ್ಡ ಪಟ್ಟಿಯನ್ನೇ ಪುಸ್ತಕ ಮಾಡಿದರು. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೂಲಿಕಾರ ಕುಟುಂಬಗಳಲ್ಲಿ ಸೊಂಟದ ಕೀಲು ಸವೆದು ನಡೆಯಲಾಗದ ರೋಗ ಕಂಡಿತಲ್ಲ, ಅದಕ್ಕೂ ಮೊದಲು ಗದ್ದೆಗೆ ಹೊಡೆದ ಔಷಧಿ, ಏಡಿ ಅಂತೆಲ್ಲ ಅನುಮಾನ ಪಟ್ಟರು. ಲಖನೌದಿಂದ ಡಾ. ಎಸ್.ಎಸ್. ಅಗರ್‌ವಾಲ್ ಮತ್ತು ಅವರ ತಂಡದವರು ಬಂದು ವಂಶಾವಳಿ ಬರೆದು ಅಧ್ಯಯನ ಮಾಡಿದ ಮೇಲೆ ಅದು ತಲೆಮಾರಿನಿಂದ ಇಳಿದು ಬರುವ ರೋಗ ಅಂತ ತಿಳಿಯಿತು. ಅಲ್ಲಿಯ ಜನ ಪಟ್ಟ ಪಾಡಿನ ಮುಂದೆ ನಮ್ಮ ಮನೆಯ ಕಥೆ ಏನೂ ಅಲ್ಲ.

ಇಲ್ಲಿ ಒಂದು ಮಾತು. ಸಂಬಂಧದಲ್ಲಿ ಮದುವೆ ಬಗ್ಗೆ ನಮ್ಮಲ್ಲಿ ಯಾವಾಗಲೂ ಚರ್ಚೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿರಾವ್, ಡಾ. ರಾಧಾ ರಮಾದೇವಿ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರು ಕಡೆ ಹುಟ್ಟಿದ ಸಾವಿರಾರು ಮಕ್ಕಳ ರಕ್ತ ಪರೀಕ್ಷಿಸಿ, ತಂದೆತಾಯಿಯರ ಸಂಬಂಧವನ್ನೂ ಕೇಳಿ ಬರೆದಿಟ್ಟರು. ಸುಮಾರು ಮೂರಕ್ಕೆ ಒಂದು ಮದುವೆ ಸೋದರಮಾವ, ಅತ್ತೆಮಗ, ಹೀಗೆ ರಕ್ತಸಂಬಂಧದಲ್ಲೇ ಆಗಿತ್ತು. ಕೆಲವು ರೋಗಗಳಿಗೆ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ತಪ್ಪು ಅಕ್ಷರ ಬರಬೇಕು. ಅವು ರಕ್ತಸಂಬಂಧದಲ್ಲಿ ಹೆಚ್ಚು. ಆದರೆ ಬಿಸಿನೀರಿನ ಮೂರ್ಛೆ ಇಳಿದು ಬಂದಿರುವ ಆ ಮನೆತನಗಳಲ್ಲಿ ಒಂದು ಕಡೆಯಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರಿಗೆಲ್ಲ ರೋಗ ಕಾಣಿಸಿಕೊಳ್ಳಲೇಬೇಕೆಂದೂ ಇಲ್ಲ, ನಮ್ಮ ಅಣ್ಣನಿಗೆ ಒಂದು ದಿನವೂ ಬರಲಿಲ್ಲ. ಆದ್ದರಿಂದ ಸೊಸೆಯ ಕಡೆಯಿಂದ ಬಂತು, ಅತ್ತೆಯ ಕಡೆಯಿಂದ ಬಂತು ಅಂತ ಜಗಳ ಆಡುವವರಿಗೆ ನಮ್ಮ ಮನೆಯ ವಿಷಯ ಹೇಳುತ್ತೇವೆ. ನಮ್ಮ ತಾಯಿಯವರು ಎಂಟು ವರ್ಷ ನಮ್ಮ ಅತ್ತಿಗೆಯ ತವರನ್ನು ಅಂದಿದ್ದರು. ಬಂದಿದ್ದದ್ದು ಅವರಿಂದಲೇ.

ತಂಗಿಯ ಮದುವೆ ಏನಾಯಿತು ಅಂತ ಕೇಳುತ್ತೀರಿ. ನಾವು ಮುಂದಿನ ತಾರೀಖಿಗೆ ಆಸ್ಪತ್ರೆಗೆ ಹೋದಾಗ ಸೋದರಮಾವನ ವಿಷಯ, ತಾಯಿಯವರ ತಲೆ ಜುಮ್ ಅನ್ನುತ್ತಿದ್ದ ವಿಷಯ ಎಲ್ಲ ಹೇಳಿದೆವು. ಡಾಕ್ಟರು ಕಾಗದದ ಮೇಲೆ ಚೌಕ, ಸೊನ್ನೆ ಬರೆದು ಗೆರೆ ಎಳೆದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ರೋಗ ಇದ್ದವರಿಗೆ ಕಪ್ಪು ತುಂಬಿದರು. ಆಮೇಲೆ ಗಂಡಿನ ಕಡೆಯವರಿಗೂ ನಾವೇ ಹೇಳಿದೆವು. ಮೊದಲು ಬಂದ ಸಂಬಂಧ ಮುರಿಯಿತು. ತಾಯಿಯವರು ನಮ್ಮ ಜೊತೆ ಆರು ತಿಂಗಳು ಮಾತು ಬಿಟ್ಟರು. ಎರಡು ವರ್ಷದ ಮೇಲೆ ಬಂದವರು ಎಲ್ಲ ಕೇಳಿಸಿಕೊಂಡು, "ನಮ್ಮನೇಲಿ ಸಕ್ಕರೆ ಕಾಯಿಲೆ ಐತೆ, ಅದಕ್ಕೇನಂತೀರಿ?" ಅಂತ ಕೇಳಿ ಮಾಡಿಕೊಂಡು ಹೋದರು. ಆ ಕಾಲದಲ್ಲಿ ಹಿಂದೂ ವಿವಾಹ ಕಾನೂನಿನಲ್ಲೇ ಮೂರ್ಛೆ ರೋಗ ಮರುಕಳಿಸುವವರ ಮದುವೆ ಸಲ್ಲದು ಎನ್ನುವ ಅರ್ಥದ ಮಾತಿತ್ತು. ಅದನ್ನು ತೆಗೆದದ್ದು 1999ರ ತಿದ್ದುಪಡಿಯಲ್ಲಿ. ಕಾನೂನು ಬದಲಾಗಿ 25 ವರ್ಷ ಮೇಲಾಯಿತು, ನಮ್ಮ ಜಗಲಿ ಮಾತು ಇನ್ನೂ ಪೂರ್ತಿ ಬದಲಾಗಿಲ್ಲ.

ಈಗ ಮಾಡಬೇಕಾದ್ದನ್ನು ಹೇಳುತ್ತೇವೆ. ತಾಯಂದಿರು ಕೇಳಿಸಿಕೊಳ್ಳಿ. ಮಗುವಿಗೆ ಸ್ನಾನದಲ್ಲಿ ಕಣ್ಣು ನೆಟ್ಟರೆ ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಬೇಡ. ಬಾಯಿಗೆ ಚಮಚ ತುರುಕಬೇಡಿ, ಹಲ್ಲು ಮುರಿಯುತ್ತದೆ. ನೀರು ಕುಡಿಸಬೇಡಿ. ಒಲೆಯಿಂದ ದೂರ ಎಳೆದು, ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಆಮೇಲೆ ವೈದ್ಯರ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿ. ಬಹಳ ಮಕ್ಕಳಿಗೆ ಉಗುರುಬೆಚ್ಚಗಿನ ನೀರು ಬಳಸಿ, ನೆತ್ತಿಗೆ ಒಮ್ಮೆಗೇ ಸುರಿಯದೆ ಇದ್ದರೇ ಹತೋಟಿಗೆ ಬರುತ್ತದೆ. ಕೆಲವರಿಗೆ ತಲೆಸ್ನಾನದ ದಿನ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳುವ ಮಾತ್ರೆ ಬರೆಯುತ್ತಾರೆ. ಸ್ನಾನ ಬಿಟ್ಟು ಬೇರೆ ಹೊತ್ತಲ್ಲೂ ಬರುವವರಿಗೆ ದಿನಾ ಮಾತ್ರೆ ಬೇಕು. ಯಾರಿಗೆ ಯಾವುದು ಅಂತ ವೈದ್ಯರು ಹೇಳಬೇಕು, ನಾವಲ್ಲ, ಔಷಧಿ ಅಂಗಡಿಯವರೂ ಅಲ್ಲ. ಇನ್ನೊಂದು, ಆರು ತಿಂಗಳು ಬರಲಿಲ್ಲ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ನಮ್ಮ ಹುಡುಗ ಹತ್ತನೇ ಕ್ಲಾಸಿನಲ್ಲಿ ಹಾಗೆ ಮಾಡಿ ಪರೀಕ್ಷೆಯ ದಿನ ಬಿದ್ದ.

ನಮ್ಮ ಮಕ್ಕಳಿಗೆ ವಂಶದಿಂದ ಬರುವ ಬೇರೆ ರೋಗಗಳ ಅನುಮಾನ ಇದ್ದರೆ ಅದಕ್ಕೂ ದೂರ ಹೋಗಬೇಕಾಗಿಲ್ಲ. ಪ್ರೊ. ಎಚ್. ಶರತ್‌ಚಂದ್ರ ಅವರು ಮುಂದೆ ನಿಂತು ಕಟ್ಟಿದ ಮಾನವ ತಳಿವಿಜ್ಞಾನ ಕೇಂದ್ರ ಇದೇ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಅಲ್ಲಿನ ವೈದ್ಯರು ನಿಮ್ಹಾನ್ಸ್ ಹತ್ತಿರದ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯಲ್ಲೂ ಮಕ್ಕಳನ್ನು ನೋಡುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ರೋಗಗಳ ನೀತಿ ತಂದಾಗ ಇವೆರಡನ್ನೂ ಸೇರಿಸಿ ಒಂದು ಉತ್ಕೃಷ್ಟ ಕೇಂದ್ರ ಅಂತ ಹೆಸರಿಸಿತು. ಪಟ್ಟಿಯಲ್ಲಿರುವ ರೋಗಗಳಿಗೆ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಅಂತ 2022ರಲ್ಲಿ ಮಾಡಿದರು. ಕೆಲವು ರೋಗಗಳ ಔಷಧಿಗೆ ಅದು ಒಂದು ವರ್ಷಕ್ಕೂ ಸಾಲದು ಅನ್ನುವುದು ಬೇರೆ ಮಾತು.

ನಮ್ಮ ಊರಲ್ಲಿ ಈಗ ಹಂಡೆ ಇಲ್ಲ, ಗೀಸರ್ ಇದೆ. ಮೇಲೆ ಫ್ಲೈಓವರ್, 2025ರಿಂದ ಮೆಟ್ರೋ ಕೂಡ. ಗೀಸರ್ ನೀರು ಹಂಡೆ ನೀರಿಗಿಂತ ತಣ್ಣಗಿರುತ್ತದೆ ಅಂತ ಯಾರೂ ತಿಳಿಯಬೇಡಿ. ತಿರುಗಣೆ ಮೇಲಕ್ಕೆ ತಿರುಗಿಸಿದರೆ ಅದೂ ಅಷ್ಟೇ ಸುಡುತ್ತದೆ.

ಹುಡುಗನಿಗೆ ಈಗ ಐವತ್ತರ ಹತ್ತಿರ. ಮಾತ್ರೆ ನಿಲ್ಲಿಸಿ ಬಹಳ ವರ್ಷವಾಯಿತು, ಡಾಕ್ಟರು ಹೇಳಿದ ಮೇಲೆಯೇ ನಿಲ್ಲಿಸಿದ್ದು. ಅವನಿಗೆ ಒಬ್ಬಳು ಮಗಳು, ಕಾಲೇಜಿಗೆ ಹೋಗುತ್ತಾಳೆ, ಅವಳಿಗೆ ಇದುವರೆಗೆ ಬಂದಿಲ್ಲ. ಆದರೂ ಅವರ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿಯೇ ಸ್ನಾನ. ಬಚ್ಚಲ ಬಾಗಿಲಿಗೆ ಒಳಗಡೆ ಚಿಲಕವನ್ನೇ ಹಾಕಿಸಿಲ್ಲ. ನೆಂಟರು ಬಂದರೆ ಮುಜುಗರ ಪಡುತ್ತಾರೆ. ಅವರಿಗೆಲ್ಲ ಅವನೇ ಕೈಯ ಕಲೆ ತೋರಿಸಿ ಯಾಕೆ ಅಂತ ಹೇಳುತ್ತಾನೆ.

ಊಟಕ್ಕೆ ಎಲೆ ಹಾಕುತ್ತಿದ್ದಾರೆ ಅಂತ ಕಾಣುತ್ತದೆ.